ಜಲಜಕ್ಕನಿಗೆ ಹೇಳಿಕೊಡದ ಲೆಕ್ಕ

ಹೋದ ಮಳೆಗಾಲದಲ್ಲಿ ನನ್ನ ಮೇಜಿಗೆ ಒಂದು ಅರ್ಜಿ ಬಂತು. ಕಳಸದ ಕಡೆಯ ಒಂದು ಸಣ್ಣ ಊರಿನವರು ಕಾಲುಸಂಕ ಹಾಕಿಸಿಕೊಡಿ ಎಂದು ಬರೆದಿದ್ದರು. ಮಳೆಗಾಲದಲ್ಲಿ ಇಂಥ ಅರ್ಜಿಗಳು ನಮ್ಮ ಕಚೇರಿಗೆ ಬರುತ್ತಲೇ ಇರುತ್ತವೆ. ಹೆಚ್ಚಿನವುಗಳಲ್ಲಿ ಅರ್ಧ ಪುಟ ನಮಸ್ಕಾರ, ಇನ್ನರ್ಧ ಪುಟ ಗೋಳು. ಇದು ಹಾಗಿರಲಿಲ್ಲ. 'ಸಂಕ ಕೊಚ್ಚಿಹೋಗಿ ಹದಿನಾರು ದಿನವಾಯಿತು. ಹೆರಿಗೆ ನೋವು ಬಂದ ಒಬ್ಬ ಹೆಂಗಸನ್ನು ಹಳ್ಳ ದಾಟಿಸಲು ನಾಲ್ಕು ಜನ ಬೇಕಾಯಿತು' ಎಂದು ಶುರುವಾಗಿ, 'ಮಕ್ಕಳು ಶಾಲೆಗೆ ಹೋಗುವಂತಾಗಲು ಸಂಕ ಹಾಕಿಸಬೇಕೆಂದು ಕೇಳುತ್ತೇವೆ' ಎಂದು ಮುಗಿದಿತ್ತು. ಬೇಡುತ್ತೇವೆ ಎಂದಿರಲಿಲ್ಲ, ಕೋರುತ್ತೇವೆ ಎಂದೂ ಇರಲಿಲ್ಲ.

ಕೈಬರಹ ನೋಡಿದೆ. ಳಕಾರದ ಬಾಲ ಪಕ್ಕದ ಅಕ್ಷರದ ಕೆಳಗೆ ಹೋಗಿ ನಿಂತಿತ್ತು. ನನ್ನ ಕಿವಿ ಬಿಸಿಯಾಯಿತು. ಹತ್ತು ವರ್ಷದಿಂದ ನಾನು ಯಾರ ಹೆಸರನ್ನು ಬಾಯಲ್ಲಿ ತಂದಿರಲಿಲ್ಲವೋ ಅವರು ಬರೆದ ಕಾಗದ ಅದು.

ಹತ್ತು ವರ್ಷದ ಹಿಂದೆ ನಾನು ಚಿಕ್ಕಮಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಸರ್ಕಾರಿ ಗುಮಾಸ್ತರ ಪರೀಕ್ಷೆಗೆ ಓದುತ್ತಿದ್ದೆ. ನಮ್ಮದು ವಸ್ತಾರೆ ಹತ್ತಿರ ಐದೆಕರೆ ಕಾಫಿ. ಡಿಸೆಂಬರಿನಲ್ಲಿ ಹಣ್ಣು ಕುಯ್ಯುವ ಕಾಲಕ್ಕೆ ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು. ಆದರೂ ಅಪ್ಪ, "ಅವಳು ಓದ್ಲಿ, ಕಣದ ಕೆಲಸ ನಾವು ನೋಡ್ಕೊಳ್ಳೋಣ" ಎಂದು ನನ್ನನ್ನು ಪೇಟೆಗೆ ಕಳಿಸಿದ್ದರು. ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದು ಕನ್ನಡ: ಪದಗಳ ಬಳಕೆ, ನುಡಿಗಟ್ಟು, ವಾಕ್ಯದಲ್ಲಿ ತಪ್ಪು ಹುಡುಕುವುದು. ಇನ್ನೊಂದರಲ್ಲಿ ಸಾಮಾನ್ಯ ಜ್ಞಾನದ ಜೊತೆಗೆ ತರ್ಕದ ಲೆಕ್ಕಗಳು. ಲೆಕ್ಕ ನನಗೆ ನೀರು ಕುಡಿದಷ್ಟು ಸುಲಭ. ಕನ್ನಡವೇ ಕಷ್ಟ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ; ಮನೆಯಲ್ಲಿ ಆಡುವ ಕನ್ನಡಕ್ಕೂ ಪರೀಕ್ಷೆಯ ಕನ್ನಡಕ್ಕೂ ಇಷ್ಟು ದೂರ ಇದೆ ಎಂದು ಹಳೇ ಪ್ರಶ್ನೆಪತ್ರಿಕೆ ತೆರೆದ ಮೇಲೇ ಗೊತ್ತಾದದ್ದು.

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಒಂದು ಉದ್ದನೆಯ ಮೇಜಿತ್ತು. ಪರೀಕ್ಷೆಗೆ ಓದುವವರೆಲ್ಲ ಅಲ್ಲಿ ಕೂರುತ್ತಿದ್ದರು. ಒಂದು ಸಂಜೆ ಪದ ಕೊಟ್ಟು ವಾಕ್ಯ ಮಾಡುವ ಅಭ್ಯಾಸ ಬರೆಯುತ್ತಿದ್ದೆ. 'ಉಪೇಕ್ಷೆ' ಎಂಬ ಪದಕ್ಕೆ, 'ನಾನು ನಿಮ್ಮಿಂದ ಸಹಾಯ ಉಪೇಕ್ಷಿಸುತ್ತೇನೆ' ಎಂದು ಬರೆದು, ಸರಿಯಾಗಿದೆಯೋ ಎಂದು ಮೆಲ್ಲಗೆ ಓದಿಕೊಂಡೆ. ಎದುರು ಕೂತಿದ್ದ ಹೆಂಗಸು ನಕ್ಕುಬಿಟ್ಟರು. "ತಪ್ಪು ತಿಳ್ಕೋಬೇಡ. ಅದು ಅಪೇಕ್ಷೆ ಆಗ್ಬೇಕು. ಉಪೇಕ್ಷೆ ಅಂದ್ರೆ ಕಂಡೂ ಕಾಣದ ಹಾಗೆ ಬಿಡೋದು" ಎಂದರು.

ಅವರೇ ಜಲಜಾಕ್ಷಿ. ಮೂವತ್ತೈದು ದಾಟಿದ್ದರು. ಸ್ವೆಟರಿನ ತೋಳಿಗೆ, ತಲೆಗೂದಲಿಗೆ ಕಾಫಿ ಹೊಟ್ಟಿನ ಸಣ್ಣ ಪುಡಿ ಹತ್ತಿರುತ್ತಿತ್ತು. ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಬೀಜ ಆರಿಸುವ ಕೆಲಸ. ದಿನವಿಡೀ ಮೇಜಿನ ಮುಂದೆ ಕೂತು ಕಪ್ಪು ಬೀಜ, ಒಡಕು ಬೀಜ ಬೇರೆ ಮಾಡಿ ಸಂಜೆ ಐದಕ್ಕೆ ಬಿಟ್ಟ ಕೂಡಲೇ ಲೈಬ್ರರಿಗೆ ಬರುತ್ತಿದ್ದರು. ಹುಟ್ಟಿದ್ದು, ಬೆಳೆದದ್ದು ಕಳಸದ ಆಚೆಯ ಒಂದು ಎಸ್ಟೇಟಿನಲ್ಲಿ, ಕೂಲಿಯಾಳುಗಳ ಮನೆಸಾಲಾದ ಲೈನಿನಲ್ಲಿ. ಅಪ್ಪ ಇಲ್ಲ, ಅಮ್ಮ ಅದೇ ಎಸ್ಟೇಟಿನಲ್ಲಿ ಆಳು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ಬಿಟ್ಟುಹೋಗಿದ್ದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮನೆಗೆ ಬರುತ್ತಿದ್ದ ವಾರಪತ್ರಿಕೆಗಳನ್ನು ಚಿಕ್ಕಂದಿನಿಂದ ಒಂದೂ ಬಿಡದೆ ಓದಿದ್ದರು. ಅಲ್ಲಿಂದ ಬಂದ ಕನ್ನಡ ಅದು. ಮೂವತ್ತು ಕಳೆದ ಮೇಲೆ ಮನೆಯಲ್ಲೇ ಓದಿ ಬಿ.ಎ. ಮುಗಿಸಿದ್ದರು. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಆ ಪರೀಕ್ಷೆಯೇ ಅವರಿಗೆ ಕೊನೆಯದು. ಅಮ್ಮನಿಗೆ ಕೈಲಾಗದೆ ಕೆಲಸ ಬಿಟ್ಟ ದಿನ ಲೈನ್ ಮನೆಯನ್ನೂ ಬಿಡಬೇಕಿತ್ತು. ಅಷ್ಟರೊಳಗೆ ಒಂದು ಕೆಲಸ, ಅಮ್ಮನನ್ನು ಕರೆದುಕೊಂಡು ಬಂದು ಇಟ್ಟುಕೊಳ್ಳಲು ಒಂದು ಮನೆ. ಇದನ್ನೆಲ್ಲ ಅವರು ಒಂದೇ ಸಲ ಹೇಳಿದ್ದು; ಮತ್ತೆಂದೂ ಹೇಳಲಿಲ್ಲ.

ನಾವು ಒಪ್ಪಂದ ಮಾಡಿಕೊಂಡೆವು. ಮೊದಲ ಒಂದು ಗಂಟೆ ಅವರು ನನಗೆ ಕನ್ನಡ, ಆಮೇಲೆ ಒಂದು ಗಂಟೆ ನಾನು ಅವರಿಗೆ ಲೆಕ್ಕ. ವಾರ ಕಳೆಯುವಷ್ಟರಲ್ಲಿ ಅವರು ಜಲಜಕ್ಕ ಆದರು, ನಾನು ಅಶ್ವಿನಿ, ಖುಷಿಯಾದಾಗ 'ಮಾರಾಯ್ತಿ'.

ಅವರು ಪಾಠ ಹೇಳುವಾಗ ಪುಸ್ತಕ ನೋಡುತ್ತಿರಲಿಲ್ಲ. ಒಂದೇ ಅರ್ಥದ ಪದಗಳು ಎಂದು ಗೈಡಿನಲ್ಲಿ ಸಾಲಾಗಿ ಕೊಟ್ಟಿರುತ್ತಾರಲ್ಲ, ಅದು ಅವರಿಗೆ ಆಗುತ್ತಲೇ ಇರಲಿಲ್ಲ. ಒಂದೇ ಅರ್ಥ ಇದ್ದರೆ ಇಷ್ಟು ಪದ ಯಾಕಿರಬೇಕು ಎನ್ನುತ್ತಿದ್ದರು. ಕೇಳುವವನು ತನ್ನದನ್ನು ಕೇಳುತ್ತಾನೆ, ಕೋರುವವನು ಕೊಡುವವರ ಮರ್ಜಿ ನೋಡುತ್ತಾನೆ, ಬೇಡುವವನ ಹತ್ತಿರ ಏನೂ ಉಳಿದಿರುವುದಿಲ್ಲ. ಅದಕ್ಕೇ ಅರ್ಜಿಯಲ್ಲಿ ಯಾವುದನ್ನು ಬರೆಯಬೇಕೆಂದು ಯೋಚಿಸಬೇಕು ಎಂದು ವಿವರಿಸಿದ್ದರು. ಸೋನೆ ಮಳೆಗೂ ಜಡಿಮಳೆಗೂ ವ್ಯತ್ಯಾಸ ಹೇಳುವಾಗ, ಸೋನೆಯಲ್ಲಿ ಛತ್ರಿ ಬಿಚ್ಚಲು ನಾಚಿಕೆಯಾಗುತ್ತದೆ, ಮನೆ ಮುಟ್ಟುವಾಗ ಮಾತ್ರ ಒಳಲಂಗದವರೆಗೂ ಒದ್ದೆ ಎಂದರು. ಅನಲ ಬೆಂಕಿ, ಅನಿಲ ಗಾಳಿ ಎಂಬುದನ್ನು ಬಾಯಿಪಾಠ ಮಾಡಿಯೂ ಮರೆಯುತ್ತಿದ್ದವಳು ನಾನು. ಅಡುಗೆ ಮನೆಯಲ್ಲಿ ಒಲೆಗೂ ಸಿಲಿಂಡರಿಗೂ ಒಂದೊಂದು ಚೀಟಿ ಅಂಟಿಸಲು ಹೇಳಿದರು. ಚಿಕ್ಕಮ್ಮ ಬೈದು ಕಿತ್ತು ಬಿಸಾಡುವಷ್ಟರಲ್ಲಿ ನನಗೆ ಬಂದಿತ್ತು.

ಲೆಕ್ಕದಲ್ಲಿ ಅವರು ಮೊದಮೊದಲು ತಡವರಿಸಿದರು. ದಿಕ್ಕಿನ ಪ್ರಶ್ನೆ ಬಂದರೆ ನಗು. ಒಬ್ಬ ಮನುಷ್ಯ ಉತ್ತರಕ್ಕೆ ಐದು ಕಿಲೋಮೀಟರ್ ನೇರವಾಗಿ ನಡೆದು ಬಲಕ್ಕೆ ತಿರುಗಿದ ಎಂದರೆ, ನಮ್ಮ ಕಡೆ ಐದು ಕಿಲೋಮೀಟರ್ ನೇರವಾದ ರಸ್ತೆ ಎಲ್ಲಿದೆ ಎಂದು ಕೇಳುತ್ತಿದ್ದರು. ಸಂಬಂಧದ ಪ್ರಶ್ನೆಯಲ್ಲಿ ಮಾತ್ರ ನನ್ನನ್ನೇ ಮೀರಿಸಿದರು. ಫೋಟೋದಲ್ಲಿರುವವನು ನನ್ನ ತಾಯಿಯ ಒಬ್ಬನೇ ಅಣ್ಣನ ಮಗ ಎಂದರೆ ನಾನು ಬಾಣದ ಗುರುತು ಹಾಕಿ ಚಿತ್ರ ಬರೆಯುತ್ತಿದ್ದೆ. ಅವರು ಒಂದೇ ಉಸಿರಿಗೆ "ಸೋದರಮಾವನ ಮಗ, ಭಾವ ಆಗ್ಬೇಕು" ಎಂದು ಮುಂದಿನದಕ್ಕೆ ಹೋಗುತ್ತಿದ್ದರು. ಬೀಜ ಆರಿಸುತ್ತಾ ಮನಸ್ಸಿನಲ್ಲೇ ಸಂಖ್ಯೆಗಳ ಸರಣಿ ಬಿಡಿಸುತ್ತಿದ್ದರಂತೆ. ಒಂದು ಸಂಜೆ ನಾನು ಚೀಟಿಯಲ್ಲಿ ಬರೆದುಕೊಟ್ಟ ಹತ್ತು ಲೆಕ್ಕಕ್ಕೆ ಮರುದಿನ ಸಂಜೆ ಹತ್ತೂ ಉತ್ತರ ಸಿದ್ಧವಾಗಿರುತ್ತಿತ್ತು.

ಪ್ರತಿ ಭಾನುವಾರ ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ನೋಡಿ ಬರೆದು, ಒಬ್ಬರದ್ದು ಒಬ್ಬರು ತಿದ್ದುತ್ತಿದ್ದೆವು. ಡಿಸೆಂಬರಿನಲ್ಲಿ ಅವರು ನನಗಿಂತ ಎಷ್ಟೋ ಹಿಂದಿದ್ದರು. ಸಂಕ್ರಾಂತಿ ಕಳೆಯುವಾಗ ಅಂತರ ಕಮ್ಮಿಯಾಯಿತು. ಫೆಬ್ರವರಿಯ ಒಂದು ಭಾನುವಾರ ನಾನು ಅವರ ಪತ್ರಿಕೆ ತಿದ್ದಿ ಕೂಡಿಸಿದಾಗ ನನಗಿಂತ ನಾಲ್ಕು ಅಂಕ ಹೆಚ್ಚು ಬಂತು. ಇನ್ನೊಮ್ಮೆ ಕೂಡಿಸಿದೆ. ನಾಲ್ಕೇ.

"ಸೂಪರ್ ಅಕ್ಕ" ಎಂದೆ. ಅವರು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಆ ದಿನ ನನಗೆ ಚಹಾ ಕುಡಿಸಿ, ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಬನ್ನು ಕೊಡಿಸಿದರು. ಆ ಬನ್ನನ್ನು ಅರ್ಧ ತಿಂದು, ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಹೇಳಿಬಿಡಬೇಕು. ನಾವಿಬ್ಬರೂ ಬೇರೆ ಬೇರೆ ವರ್ಗದ ಪಟ್ಟಿಗೆ ಸೇರಿದವರು. ಅವರು ಆಯ್ಕೆಯಾದರೆ ನನ್ನ ಕೈತಪ್ಪುವ ಹುದ್ದೆ ಒಂದೂ ಇರಲಿಲ್ಲ. ಹೊಟ್ಟೆಪಾಡಿಗಾಗಿ ಮಾಡಿದೆ ಎಂದು ಹೇಳಿಕೊಳ್ಳುವ ಅವಕಾಶವೂ ನನಗಿಲ್ಲ. ಬೀಜ ಆರಿಸುವ ಹೆಂಗಸು, ನಮ್ಮಂಥವರ ತೋಟದ ಲೈನಿನಲ್ಲಿ ಬೆಳೆದವರು, ನಾನೇ ಕೈಹಿಡಿದು ಲೆಕ್ಕ ಕಲಿಸಿದವರು ನನಗಿಂತ ಮುಂದೆ ಹೋದದ್ದನ್ನು ನನಗೆ ಸಹಿಸಲಾಗಲಿಲ್ಲ. ಅಷ್ಟೇ. ಆಗ ಈ ಮಾತನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಮಾರ್ಚ್ ಮೊದಲ ವಾರ ಚಿಕ್ಕಪ್ಪ ಬೆಂಗಳೂರಿಗೆ ಹೋದವರು ಕೋಚಿಂಗ್ ಕೇಂದ್ರವೊಂದರ ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡು ಬಂದರು. ಅದರಲ್ಲಿ ಮುಕ್ಕಾಲು ಭಾಗ ದುಂಡುಮೇಜಿನ ಲೆಕ್ಕಗಳಿದ್ದವು. ಎಂಟು ಜನ ಮೇಜಿನ ಸುತ್ತ ಕೂತಿದ್ದಾರೆ, ಕೆಲವರ ಮುಖ ಒಳಗೆ, ಕೆಲವರದ್ದು ಹೊರಗೆ. ಇಂಥವನ ಎಡಕ್ಕೆ ಮೂರನೆಯವರು ಯಾರು ಎಂಬಂಥವು. ಈ ಸಲ ಇವು ಖಂಡಿತ ಬರುತ್ತವೆ ಎಂದು ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು. ಮೊದಲು ಒಬ್ಬರನ್ನು ಕೂರಿಸಿ, ಅನುಮಾನ ಬಂದ ಕಡೆ ಎರಡು ಚಿತ್ರ ಬರೆದು, ಸುಳಿವಿಗೆ ಹೊಂದದ್ದನ್ನು ಹೊಡೆದುಹಾಕುವ ಸುಲಭ ದಾರಿ ಅದರಲ್ಲಿತ್ತು. ಎರಡು ದಿನದಲ್ಲಿ ಕಲಿತೆ.

ಮೂರನೇ ದಿನ ಸಂಜೆ ಜಲಜಕ್ಕ ಎಲ್ಲಿಂದಲೋ ಹರಿದ ಒಂದು ಪತ್ರಿಕೆ ತಂದಿದ್ದರು. ಅದರಲ್ಲಿ ಇಂಥದೇ ಪ್ರಶ್ನೆ. ಎಡ ಬಲ ಎಲ್ಲ ಗೋಜಲಾಗುತ್ತದೆ, ಅರ್ಧ ದಿನ ಒದ್ದಾಡಿದೆ ಎಂದರು. ಆಮೇಲೆ ಕೇಳಿದರು: "ಇದು ನಮಗೆ ಬರ್ತದಾ? ನಿನಗೆ ಗೊತ್ತಿದ್ರೆ ಹೇಳಿಕೊಡು."

ನೋಟ್ಸ್ ನನ್ನ ಚೀಲದಲ್ಲೇ ಇತ್ತು. "ಇಲ್ಲ ಅಕ್ಕ, ಇದು ದೊಡ್ಡ ಪರೀಕ್ಷೆಗಳಿಗೆ ಮಾತ್ರ. ನಮ್ಮ ಸಿಲೆಬಸ್ಸಲ್ಲೇ ಇಲ್ಲ. ನನಗೂ ಬರಲ್ಲ" ಎಂದೆ. ಒಂದು ಸುಳ್ಳು ಸಾಕಿದ್ದಲ್ಲಿ ಮೂರು ಸುಳ್ಳು ಹೇಳಿದೆ. ನಾಲಿಗೆ ತಡವರಿಸಲೂ ಇಲ್ಲ.

ಅವರು ಆ ಹಾಳೆಯನ್ನು ಮಡಚಿ ತಮ್ಮ ಊಟದ ಡಬ್ಬಿಯ ಕೆಳಗಿಟ್ಟು, "ಹಾಗಾದ್ರೆ ಬಿಡು, ಸಮಯ ಹಾಳು" ಎಂದರು.

ಒಂದು ವಾರ ಕಳೆದಿರಬೇಕು. ಮಧ್ಯಾಹ್ನದಿಂದ ಸೆಕೆ ಹೆಚ್ಚಾಗಿ ಸಂಜೆಗೆ ಹೂಮಳೆ ಬಂತು. ಊರಿನಲ್ಲಿ ಎಲ್ಲರೂ ಆಕಾಶ ನೋಡಿಕೊಂಡು ಕಾದಿದ್ದ ಮಳೆ. ಆ ಮಳೆ ಬಿದ್ದರೆ ಕಾಫಿ ಗಿಡ ಹೂ ಬಿಡುತ್ತದೆ, ಇಲ್ಲದಿದ್ದರೆ ವರ್ಷವೇ ಹೋಯಿತು. ಅಪ್ಪನಿಗೆ ಫೋನ್ ಮಾಡಿ ನಮ್ಮ ಕಡೆಗೂ ಬಂತಾ ಎಂದು ಕೇಳಲು ನಾನು ಲೈಬ್ರರಿಯ ಜಗಲಿಗೆ ಓಡಿದೆ. ನೋಟ್ಸಿನ ಕೆಲವು ಹಾಳೆ ಗೈಡಿನೊಳಗೆ ಸಿಕ್ಕಿಸಿ ಮೇಜಿನ ಮೇಲೆ ಬಿಟ್ಟದ್ದು ಮರೆತಿದ್ದೆ. ಒಳಗೆ ಬಂದಾಗ ಗಾಳಿಗೆ ಕಿಟಕಿ ಬಡಿದುಕೊಳ್ಳುತ್ತಿತ್ತು. ಜಲಜಕ್ಕ ನೆಲಕ್ಕೆ ಬಿದ್ದಿದ್ದ ಹಾಳೆಗಳನ್ನು ಹೆಕ್ಕಿ, ಅಂಚು ಸರಿಮಾಡಿ, ಹಾರಬಾರದೆಂದು ಮೇಲೆ ತಮ್ಮ ಊಟದ ಡಬ್ಬಿ ಇಡುತ್ತಿದ್ದರು. ಅವರ ಮುಖ ಎಂದಿನಂತೆಯೇ ಇತ್ತು. "ಊರಲ್ಲೂ ಬಂತಾ ಮಳೆ?" ಎಂದು ಕೇಳಿದರು. ಬಂತಂತೆ ಎಂದೆ. "ಒಳ್ಳೇದಾಯ್ತು" ಎಂದರು. ನೋಡಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೋಡಿದ್ದರೆ ಯಾರಾದರೂ ಕೇಳದೆ ಇರುತ್ತಾರಾ?

ಪರೀಕ್ಷೆಗೆ ಐದು ವಾರ ಉಳಿದಿತ್ತು. ಆ ಐದು ವಾರವೂ ಜಲಜಕ್ಕ ಒಂದು ಸಂಜೆಯೂ ತಪ್ಪಿಸದೆ ನನಗೆ ಕನ್ನಡ ಹೇಳಿಕೊಟ್ಟರು. ಹೂ ಅರಳಿ ಉದುರಿತು, ಊರಿಗೆ ಹೋಗಿಬರುವ ಬಸ್ಸಿನ ಕಿಟಕಿಯಲ್ಲೆಲ್ಲ ಅದರ ಘಮ. ನಾನು ದುರ್ಬಲಳಾಗಿದ್ದ ನುಡಿಗಟ್ಟುಗಳನ್ನು ಅವರೇ ಒಂದು ನೋಟುಬುಕ್ಕಿನಲ್ಲಿ ಬರೆದು, ಪ್ರತಿಯೊಂದಕ್ಕೂ ನಮ್ಮ ಕಡೆಯ ಉದಾಹರಣೆ ಸೇರಿಸಿ ಕೊಟ್ಟರು. ಹೇಳಿಬಿಡಬೇಕು ಎಂದು ಎಷ್ಟೋ ಸಂಜೆ ಅನ್ನಿಸಿತು. ಇನ್ನೂ ಸಮಯವಿತ್ತು, ಎರಡು ದಿನ ಸಾಕಿತ್ತು ಅವರಿಗೆ. ಇವತ್ತು ಬೇಡ, ನಾಳೆ ಎಂದುಕೊಂಡೆ. ಹಾಗೆ ಎಂದುಕೊಳ್ಳುತ್ತಲೇ ಪರೀಕ್ಷೆಯ ದಿನ ಬಂತು.

ದುಂಡುಮೇಜಿನ ಲೆಕ್ಕದ ಮೇಲೆ ಐದು ಪ್ರಶ್ನೆ ಇದ್ದವು. ಐದನ್ನೂ ಮಾಡಿದೆ. ಹೊರಗೆ ಬಂದಾಗ ಜಲಜಕ್ಕ ಗೇಟಿನ ಹತ್ತಿರ ನಿಂತಿದ್ದರು. "ನಿನ್ನ ಕನ್ನಡ ಹೇಗಾಯ್ತು?" ಎಂಬುದೇ ಅವರ ಮೊದಲ ಪ್ರಶ್ನೆ. ಲೆಕ್ಕದ ವಿಷಯ ಅವರು ಎತ್ತಲಿಲ್ಲ. "ಅದು ಬಂದುಬಿಟ್ಟಿತ್ತಲ್ಲ ಅಕ್ಕ, ನನಗೂ ಆಗಲಿಲ್ಲ" ಎಂದು ನಾನೇ ಹೇಳಿದೆ, ಯಾರೂ ಕೇಳದಿದ್ದರೂ. ಅವರು ತಲೆಯಾಡಿಸಿದರು.

ಪಟ್ಟಿ ಬಂದಾಗ ನನ್ನ ಹೆಸರು ಇತ್ತು. ಜಲಜಕ್ಕನಿಗೆ ಅವರ ವರ್ಗದಲ್ಲಿ ಮೂರು ಅಂಕ ಕಮ್ಮಿಯಾಗಿತ್ತು. ಆ ಐದರಲ್ಲಿ ಮೂರು ಬಂದಿದ್ದರೂ ಸಾಕಿತ್ತು ಎಂದು ನಾನು ಆವತ್ತಿನಿಂದ ಎಷ್ಟು ಸಲ ಲೆಕ್ಕ ಹಾಕಿದ್ದೇನೋ.

ಎರಡು ದಿನ ಬಿಟ್ಟು ಅವರು ಚಿಕ್ಕಮ್ಮನ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಒಂದು ಪೊಟ್ಟಣ ಸಿಹಿ. ಕನ್ನಡದಲ್ಲಿ ನನಗೆ ಬಂದ ಅಂಕ ಕೇಳಿ, ತಮಗೇ ಕೆಲಸ ಸಿಕ್ಕಿದಂತೆ ಸಂತೋಷಪಟ್ಟರು. ನಾನು ಅವರನ್ನು ಒಳಗೆ ಕರೆಯಲಿಲ್ಲ. ಜಗಲಿಯಲ್ಲೇ ನಿಂತು ಮಾತಾಡಿಸಿದೆ. ಅಮ್ಮನ ಕೈಲಿ ಇನ್ನು ಕೆಲಸ ಆಗುವುದಿಲ್ಲ, ಕಳಸಕ್ಕೆ ಹೋಗಿ ಒಂದು ರೂಮು ನೋಡಬೇಕು ಎಂದು ಹೇಳಿ ಹೋದರು. ಯಾರದು ಎಂದು ಚಿಕ್ಕಮ್ಮ ಒಳಗಿಂದ ಕೇಳಿದಾಗ, ಲೈಬ್ರರಿಯಲ್ಲಿ ಪರಿಚಯ ಎಂದೆ. ಜಲಜಕ್ಕ ಇನ್ನೂ ಗೇಟಿನ ಹತ್ತಿರವೇ ಇದ್ದರು. ಗೇಟಿನ ಚಿಲಕ ಹಾಕುವಾಗ ಅವರ ಕೈ ಒಂದು ಗಳಿಗೆ ನಿಂತಿತು. ಕೇಳಿಸಿತ್ತು.

ಆಮೇಲೆ ನಾನು ಅವರನ್ನು ಹುಡುಕಲಿಲ್ಲ. ಫೋನ್ ನಂಬರ್ ಇತ್ತು. ಹೊಸ ಫೋನ್ ತಗೊಂಡಾಗ ಅದನ್ನು ಬರೆದಿಟ್ಟುಕೊಳ್ಳಲಿಲ್ಲ. ಕಚೇರಿಯಲ್ಲಿ ನನ್ನ ಕನ್ನಡಕ್ಕೆ ಒಳ್ಳೆಯ ಹೆಸರು ಬಂತು. ಕಡತದ ಟಿಪ್ಪಣಿ ಅಶ್ವಿನಿ ಮೇಡಂ ಬರೆದರೆ ತಿದ್ದುವ ಹಾಗಿಲ್ಲ ಎನ್ನುತ್ತಾರೆ. ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ, ಸ್ವಂತ ಓದು ಎಂದು ಹೇಳುತ್ತಾ ಬಂದಿದ್ದೆ.

ಸಂಕದ ಅರ್ಜಿಯನ್ನು ಆ ದಿನವೇ ಮುಂದಕ್ಕೆ ಕಳಿಸಿದೆ. ಆ ಭಾನುವಾರ ಬೆಳಗ್ಗೆ ಕಳಸದ ಬಸ್ಸು ಹತ್ತಿದೆ. ಬರೆದುಕೊಟ್ಟವರು ಎಲ್ಲಿದ್ದಾರೆ ಎಂದು ಹುಡುಕುವುದು ಕಷ್ಟವಾಗಲಿಲ್ಲ. ಅರ್ಜಿ ಬರೆಯುವ ಜಲಜಕ್ಕನ ಜೆರಾಕ್ಸ್ ಅಂಗಡಿ ಎಂದರೆ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಕೈ ತೋರಿಸಿದರು. ಒಂದು ಯಂತ್ರ, ಒಂದು ಕಂಪ್ಯೂಟರ್, ಹೊರಗೆ ಛತ್ರಿ ಮಡಚಿ ಕಾಯುವ ಏಳೆಂಟು ಜನ. ನಾನೂ ಸಾಲಿನಲ್ಲಿ ಕೂತೆ. ನನ್ನ ಸರದಿ ಬಂದಾಗ ಅವರು ತಲೆಯೆತ್ತಿ, ಕನ್ನಡಕ ತೆಗೆದು ನೋಡಿದರು. "ಅಶ್ವಿನಿ ಅಲ್ವಾ" ಎಂದು ಸ್ಟೂಲ್ ಎಳೆದು ಕೊಟ್ಟರು. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಬಾಡಿಗೆಯ ರೂಮಿನಲ್ಲೇ ತೀರಿಕೊಂಡರಂತೆ.

ನಾನು ಹೇಳಿದೆ. ಬಸ್ಸಿನಲ್ಲಿ ಏನೇನೋ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಒಂದೇ. ಆ ಲೆಕ್ಕ ನನಗೆ ಬರುತ್ತಿತ್ತು ಅಕ್ಕ, ಬೇಕೆಂದೇ ಇಲ್ಲ ಅಂದೆ.

"ಗೊತ್ತಿತ್ತು" ಎಂದರು. "ಮಳೆ ಬಂದ ದಿನ ಹಾಳೆ ಹೆಕ್ಕುವಾಗ ಮೇಲಿನದ್ದು ಕಣ್ಣಿಗೆ ಬಿತ್ತು."

"ನೋಡಿಯೂ ಯಾಕೆ ಕೇಳಲಿಲ್ಲ?"

"ಕೇಳಿದ್ದೆನಲ್ಲ, ಅದಕ್ಕೆ ಒಂದು ವಾರ ಮೊದಲೇ. ನೀನು ಇಲ್ಲ ಅಂದೆ. ಇನ್ನೊಂದು ಸಲ ಕೇಳೋಕೆ ನನ್ನಿಂದ ಆಗಲಿಲ್ಲ."

ಹಾಗಾದರೆ ನನಗೆ ಪಾಠ ಹೇಳುವುದನ್ನಾದರೂ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದೆ. ನಿಲ್ಲಿಸಬೇಕು ಎಂದೇ ಮರುದಿನ ಬಂದಿದ್ದರಂತೆ. ನಾನು ಆಗಲೇ ನೋಟುಬುಕ್ಕು ತೆರೆದು ಕೂತಿದ್ದೆನಂತೆ. ಕೂತವರಿಗೆ ಹೇಳಿಕೊಡದೆ ಎದ್ದುಹೋಗುವುದು ಹೇಗೆ ಎಂದು ಅವರಿಗೆ ತಿಳಿಯಲಿಲ್ಲವಂತೆ.

ತಪ್ಪಾಯಿತು ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, "ನೀನು ಹೇಳಿ ಹಗುರ ಆದೆ. ಆಗ್ಲಿ. ನನ್ನ ಹತ್ರ ಏನೂ ಹೇಳಿಸ್ಬೇಡ" ಎಂದರು. ಸಿಟ್ಟಿನಿಂದಲ್ಲ, ಹಿಂದೆ ಕಾಯುತ್ತಿದ್ದ ಮುದುಕರ ಕೈಯಿಂದ ಪಹಣಿ ತೆಗೆದುಕೊಳ್ಳುತ್ತಾ ಹೇಳಿದರು. ನಾನು ಹಗುರಾಗುವುದಕ್ಕಾಗಿಯೇ ಅಷ್ಟು ದೂರ ಬಂದಿದ್ದೆ ಎಂಬುದು ಆಗ ಹೊಳೆಯಿತು. ಬರುವಾಗ ಇದ್ದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಅಂಗಡಿಯ ಒಳಗಿನ ಕೋಣೆಯಲ್ಲಿ ನಾಲ್ಕು ಹುಡುಗಿಯರು ಗೈಡ್ ಹಿಡಿದು ಕೂತಿದ್ದರು. ಭಾನುವಾರ ಇಲ್ಲಿಗೇ ಬರುತ್ತಾರೆ, ಕನ್ನಡ ನಾನು ನೋಡಿಕೊಳ್ಳುತ್ತೇನೆ ಎಂದರು ಜಲಜಕ್ಕ. ಲೆಕ್ಕ ಯಾರು ಹೇಳುತ್ತಾರೆ ಎಂದು ಕೇಳಿದೆ. ಯಾರೂ ಇಲ್ಲ, ಮೊಬೈಲಿನಲ್ಲಿ ನೋಡಿಕೊಳ್ಳುತ್ತಾರೆ, ನೆಟ್‌ವರ್ಕ್ ಇದ್ದ ದಿನ. ನಾನು ಬರಲಾ ಎಂದೆ. ಅವರು ನನ್ನನ್ನು ನೋಡಿದರು. ಅಷ್ಟು ನೇರವಾಗಿ ಅವರು ಆವರೆಗೆ ನನ್ನನ್ನು ನೋಡಿರಲಿಲ್ಲ.

"ಬಾ" ಎಂದರು. "ಆದ್ರೆ ನಾನೂ ಕೂತಿರ್ತೀನಿ."

ಮುಂದಿನ ಭಾನುವಾರ ಹೋದೆ. ಮೊದಲು ಹೇಳಿಕೊಟ್ಟದ್ದು ಎಂಟು ಜನರನ್ನು ಕೂರಿಸುವುದನ್ನೇ. ಜಲಜಕ್ಕ ಯಂತ್ರ ಆರಿಸಿ ಬಂದು ಹಿಂದಿನ ಬೆಂಚಿನಲ್ಲಿ, ಮಡಿಲಲ್ಲಿ ಹಾಳೆ ಇಟ್ಟುಕೊಂಡು ಕೂತರು. ಅವರಿಗಿನ್ನು ಬರೆಯಲು ಯಾವ ಪರೀಕ್ಷೆಯೂ ಇರಲಿಲ್ಲ. ಒಂದು ಲೆಕ್ಕ ಬಿಡಿಸಿ ತೋರಿಸಿ, ಎರಡನೆಯದನ್ನು ಹುಡುಗಿಯರಿಗೇ ಬಿಟ್ಟೆ. ಅವರು ಎಡ ಬಲ ಎಂದು ಗೊಂದಲದಲ್ಲಿರುವಾಗಲೇ ಜಲಜಕ್ಕ ಪೆನ್ನು ಮುಚ್ಚಿಟ್ಟರು. ಹಾಳೆಯ ಮೇಲೆ ದುಂಡಗಿನ ಚಿತ್ರ, ಎಂಟೂ ಹೆಸರು, ಸರಿಯಾಗಿ. ಎಲ್ಲರಿಗಿಂತ ಮೊದಲು ಮುಗಿಸಿದ್ದರು. ಉತ್ತರ ಹೇಳಲಿಲ್ಲ. ಆ ಹುಡುಗಿಯರು ತಾವಾಗಿ ಕಂಡುಕೊಳ್ಳಲಿ ಎಂದು ಹಾಳೆಯ ಮೇಲೆ ಕೈ ಮುಚ್ಚಿಕೊಂಡು ಕಾದರು. ನಾನು ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾ ನಿಂತೆ.